ದನಕ್ಕೆ ಚುಚ್ಚುವ ಕೈ

ನನ್ನ ಅಳಿಯ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಎಂಥಾ ಪುಂಡ ಹೋರಿಯಾದರೂ ಅವನ ಕೈ ಮೈಮೇಲೆ ಬಿದ್ದರೆ ಕಿವಿ ಇಳಿಬಿಟ್ಟು ನಿಲ್ಲುತ್ತೆ. ಸೂಜಿ ಹಾಕೋ ಗತ್ತೇ ಬೇರೆ. "ಹೋ, ಹೋ, ನನ್ನಮ್ಮಾ" ಅಂತ ಬೆನ್ನು ಸವರುತ್ತಾನೆ, ತೊಡೆಗೆ ಮುಷ್ಟಿಯಿಂದ ಎರಡು ಗುದ್ದು ಗುದ್ದುತ್ತಾನೆ, ಮೂರನೆಯ ಗುದ್ದಿನ ಜೊತೆಗೇ ಸೂಜಿ ಒಳಗೆ. ಯಾವುದು ಗುದ್ದು, ಯಾವುದು ಸೂಜಿ ಅಂತ ದನಕ್ಕೆ ತಿಳಿಯೋ ಹೊತ್ತಿಗೆ ಇವನು ಕೈ ತೊಳೀತಿರುತ್ತಾನೆ.

ನನ್ನ ಮಗಳು ಬಸುರಿಯಾಗಿ ಆರು ತಿಂಗಳು ತುಂಬಿದಾಗ ರಕ್ತದಲ್ಲಿ ಸಕ್ಕರೆ ಏರಿತು. ಡಾಕ್ಟರಮ್ಮ ಪಥ್ಯ ಹೇಳಿದರು, ನಡಿಗೆ ಹೇಳಿದರು, ಮಾತ್ರೆ ಕೊಟ್ಟರು. ಸಕ್ಕರೆ ಜಗ್ಗಲಿಲ್ಲ.

"ಇನ್ನು ಇನ್ಸುಲಿನ್ನೇ. ಊಟಕ್ಕೆ ಮುಂಚೆ ತೊಡೆಗೆ ತಗೋಬೇಕು. ಹೀಗೇ ಬಿಟ್ಟರೆ ಮಗು ಮಿತಿಮೀರಿ ಬೆಳೆದು ಹೆರಿಗೆ ಕಷ್ಟ ಆಗುತ್ತೆ. ಹುಟ್ಟಿದ ಮೇಲೆ ಮಗುವಿನ ಸಕ್ಕರೆ ದಢಕ್ಕನೆ ಇಳಿದುಹೋಗಬಹುದು" ಅಂದರು.

ಮಗಳು ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂತು ಊರನ್ನೇ ಗದರಿಸೋಳು. ಸೂಜಿ ಅಂದರೆ ಮಾತ್ರ ಇಲಿಮರಿ.

"ಅಮ್ಮಾ, ಆ ಔಷಧಿ ಮಗೂಗೆ ಹೋಗಲ್ವಾ?"

"ಹೋಗಲ್ಲ ಅಂತ ಡಾಕ್ಟರಮ್ಮ ಬಿಡಿಸಿ ಹೇಳಿದರಲ್ಲೇ. ಮಗೂಗೆ ಹೋಗ್ತಿರೋದು ನಿನ್ನ ಸಕ್ಕರೆ."

"ಹಾಗಾದರೆ ನೀನೇ ಚುಚ್ಚು."

"ನನ್ನ ಕಣ್ಣಿಗೆ ತೊಡೆ ಯಾವುದು, ದಿಂಬು ಯಾವುದು ಗೊತ್ತಾಗಲ್ಲ. ಕೈಪಳಗಿದ ಗಂಡನೇ ಇದ್ದಾನಲ್ಲ."

"ಅವರಾ! ಅವರು ಚುಚ್ಚೋದು ಎಮ್ಮೆಗೆ!"

ಅಳಿಯನಿಗೆ ಎಲ್ಲಿಲ್ಲದ ಹುರುಪು. "ನೋಡ್ತಾ ಇರಿ ಅತ್ತೆ, ಅವಳಿಗೆ ಗೊತ್ತೇ ಆಗಲ್ಲ."

ಕೈ ತೊಳೆದ. ಸಿರಿಂಜನ್ನ ಬೆಳಕಿಗೆ ಹಿಡಿದು ಗಾಳಿ ಬಿಟ್ಟ. ಅಲ್ಲಿವರೆಗೆ ಎಲ್ಲ ಸರಿ. ಮಗಳು ಕಣ್ಣು ಮುಚ್ಚಿದಳು. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ, ಕಸುಬಿನ ಗುಣವೂ ಅಷ್ಟೇ. "ಹೋ, ಹೋ, ನನ್ನಮ್ಮಾ" ಅಂದವನೇ ತೊಡೆಗೆ ಎರಡು ಗುದ್ದು ಕೊಟ್ಟೇಬಿಟ್ಟ! ಮೂರನೆಯದು ಬೀಳುವ ಮೊದಲೇ ಅವಳು ಝಾಡಿಸಿ ಒದ್ದಳು. ಸಿರಿಂಜು ಕಪಾಟಿನ ಕೆಳಗೆ, ಅಳಿಯ ಕಪಾಟಿನ ಮುಂದೆ.

"ರೀ, ನಾನೇನು ಹೋರಿನಾ?"

"ಹೋರಿ ಒದೆಯಲ್ಲ ಕಣೇ, ಹಾಯುತ್ತೆ."

ಅಷ್ಟು ಸಾಕಾಯಿತು. "ಹೊಸ ಸೂಜಿ ತೆಗೀರಿ, ಔಷಧಿ ತುಂಬಿ ಇಲ್ಲಿ ಕೊಡಿ! ನಿಮ್ಮನ್ನ ನಂಬಿದರೆ ನಾಳೆ ಮೂಗುದಾರಾನೂ ಹಾಕ್ತೀರ."

ಡಾಕ್ಟರಮ್ಮ ತೋರಿಸಿದ ಹಾಗೆ ಚರ್ಮ ಚಿವುಟಿ ಹಿಡಿದಳು, ಹಲ್ಲು ಕಚ್ಚಿದಳು, ಚುಚ್ಚಿಕೊಂಡಳು. ಕೋಪದ ಮುಂದೆ ಭಯ ಎಲ್ಲಿ ನಿಂತೀತು!

"ಇಷ್ಟೇನಾ?" ಅಂದಳು.

ಅಳಿಯ ಮಾತ್ರ ಗೋಡೆ ಕಡೆ ತಿರುಗಿ ನಿಂತಿದ್ದ. ಹೆಂಡತಿ ಮೈಗೆ ಸೂಜಿ ಇಳಿಯೋದು ನೋಡಲಾಗಲಿಲ್ಲವಂತೆ.

ಹೆರಿಗೆಯ ತನಕ ಅವಳೇ ಚುಚ್ಚಿಕೊಂಡಳು. ಸಕ್ಕರೆ ಹತೋಟಿಗೆ ಬಂತು. ಹುಟ್ಟಿದ್ದು ಹೆಣ್ಣು, ಎಷ್ಟು ತೂಗಬೇಕೋ ಅಷ್ಟೇ ತೂಕ. ಆದರೂ ನರ್ಸ್, "ಮಗುವಿನ ಸಕ್ಕರೆ ನೋಡಬೇಕು" ಅಂತ ಗೋಲಿಯಷ್ಟಿದ್ದ ಹಿಮ್ಮಡಿ ಹಿಡಿದು ಸೂಜಿ ತೆಗೆದಳು. ಅಳಿಯ ಅಡ್ಡ ಬಂದ.

"ಸಿಸ್ಟರ್, ಮೆತ್ತಗೆ ಸಿಸ್ಟರ್..."

"ನೀವೇನು ಕೆಲಸ ಮಾಡೋದು?"

"ಇಂಜೆಕ್ಷನ್ ಕೊಡೋದು."

ನರ್ಸ್ ಅವನನ್ನ ಪಕ್ಕಕ್ಕೆ ಸರಿಸಿ ಚುಚ್ಚಿದಳು. ಮಗು ಕಿಟಾರನೆ ಕಿರುಚಿತು. ನಾವು ಮೂವರೂ ಅವಳ ಕೈಲಿದ್ದ ಸಕ್ಕರೆ ಅಳೆಯೋ ಪುಟ್ಟ ಯಂತ್ರವನ್ನೇ ನೋಡಿದೆವು.

"ಚೆನ್ನಾಗಿದೆ. ಹಾಲು ಕುಡಿಸಿ."

ಮಗು ಸುಮ್ಮನಾಯಿತು. ಅಳಿಯನ ಬಿಕ್ಕು ಮಾತ್ರ ನಿಲ್ಲಲಿಲ್ಲ. "ಶ್! ಮೆಲ್ಲಗೆ ಅಳ್ರೀ, ಮಗು ಹಾಲು ಕುಡೀತಿದೆ" ಅಂತ ಮಗಳೇ ಗದರಿಸಬೇಕಾಯಿತು.