ಮೆಟ್ಟಿಲ ಮೇಲಿನ ಹನ್ನೆರಡನೆಯವನು

ಭಾರತ ತಂಡ ಹನ್ನೊಂದು ಕ್ರಿಕೆಟ್ ಪಂದ್ಯ ಸೋತದ್ದಕ್ಕೆ ನಾನೇ ಕಾರಣ. ಇದು ನಾನು ಕೊಚ್ಚಿಕೊಳ್ಳುತ್ತಿರುವ ಜಂಬವಲ್ಲ. ವಿಮಾನ ನಗರದ ನಮ್ಮ ಕಟ್ಟಡದ ಎರಡನೆಯ ಮಹಡಿಯಲ್ಲಿ ಸರ್ವಾನುಮತದಿಂದ ತೀರ್ಮಾನವಾದ ಸಂಗತಿ. ನೀರಿನ ಟ್ಯಾಂಕು, ಪಾರ್ಕಿಂಗು, ಮೂರನೆಯ ಮಹಡಿಯವರ ನಾಯಿ ಇವುಗಳಲ್ಲಿ ಒಂದರ ಬಗ್ಗೆಯೂ ಒಮ್ಮತಕ್ಕೆ ಬಾರದ ನಮ್ಮ ಸೊಸೈಟಿ, ನನ್ನ ವಿಷಯದಲ್ಲಿ ಒಂದಾಯಿತು. ಆ ಮಟ್ಟಿಗೆ ನಾನು ಒಗ್ಗಟ್ಟಿಗೆ ದುಡಿದವನು.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಆ ವರ್ಷಗಳಲ್ಲಿ ಪುಣೆಯಲ್ಲಿ ಲೋಡ್ ಶೆಡ್ಡಿಂಗ್ ಹಾವಳಿ. ಕರೆಂಟು ಹೋಗುವುದು ಪೇಪರಿನಲ್ಲಿ ಹಾಕಿದ ವೇಳೆಗೆ ಸರಿಯಾಗಿ. ಬರುವುದು ಮಾತ್ರ ತನ್ನ ಮನಸ್ಸಿಗೆ ಬಂದಾಗ. ಇಡೀ ಕಟ್ಟಡದಲ್ಲಿ ಇನ್ವರ್ಟರ್ ಇದ್ದದ್ದು ಆಪಟೆ ಕಾಕಾ ಅವರ ಮನೆಯಲ್ಲಿ. ನಿವೃತ್ತ ಗಣಿತದ ಮೇಷ್ಟ್ರು, ಒಂಟಿ ಜೀವ, ಧಾರಾಳ ಮನುಷ್ಯ. ಪಂದ್ಯ ಇದ್ದ ದಿನ ಟಿವಿ ಇಟ್ಟ ಅವರ ಹಾಲ್ ನಮ್ಮೆಲ್ಲರ ಹಾಲ್.

ಆ ಹಾಲಿಗೊಂದು ಕಾಯ್ದೆ ಇತ್ತು. ಆಟ ಚೆನ್ನಾಗಿ ನಡೆಯುತ್ತಿದ್ದರೆ ಯಾರೂ ಕೂತ ಭಂಗಿ ಬದಲಿಸಬಾರದು. ಬಾಗಲಕೋಟೆ ಕಡೆಯಿಂದ ಬಂದು ಇಲ್ಲಿ ಬಟ್ಟೆ ಅಂಗಡಿ ಇಟ್ಟ ಮಲ್ಲಪ್ಪಣ್ಣ ಒಮ್ಮೆ ನೂರು ರನ್ನಿನ ಜೊತೆಯಾಟ ಮುಗಿಯುವವರೆಗೆ ಒಂದು ಕಾಲು ಮಡಿಸಿಯೇ ಕೂತಿದ್ದರು. ಆಮೇಲೆ ಅವರನ್ನು ಇಬ್ಬರು ಹಿಡಿದು ಎಬ್ಬಿಸಬೇಕಾಯಿತು. "ದೇಶಕ್ಕಾಗಿ ಕಾಲು ಜೋಂಪು ಹಿಡಿಸ್ಕೊಂಡೇನ್ರಿ" ಅಂತ ವಾರಗಟ್ಟಲೆ ಹೇಳಿಕೊಂಡು ತಿರುಗಿದರು.

ನಾನು ಆಫೀಸಿನಿಂದ ಬಂದು ಆ ಹಾಲಿನಲ್ಲಿ ಕಾಲಿಟ್ಟೆ, ವಿಕೆಟ್ ಬಿತ್ತು. ಮುಂದಿನ ಪಂದ್ಯದಲ್ಲೂ ಬಿತ್ತು. ಮೂರನೆಯ ಸಲ ಕಾಕಾ ನಾನು ಬಂದ ವೇಳೆ, ವಿಕೆಟ್ ಬಿದ್ದ ವೇಳೆ ಎರಡನ್ನೂ ಅಕ್ಕಪಕ್ಕ ಬರೆದು ತೋರಿಸಿದರು. "ತೀನ್ ವೇಳಾ! ಮೂರು ಸಲ!" ಮರಾಠಿಯಲ್ಲಿ ಇಂಥವನಿಗೆ ಪನವತಿ ಅನ್ನುತ್ತಾರೆ, ಕಾಲಿಟ್ಟಲ್ಲಿ ಕೇಡು ತರುವವನು. ಎಲ್ಲರೂ ಹಿಂದಿನ ಸೋಲುಗಳನ್ನೂ ನೆನಪಿಸಿಕೊಂಡು ನನ್ನ ಲೆಕ್ಕಕ್ಕೇ ಸೇರಿಸಿದರು, ಕಾಕಾ ಅವರ ಪಟ್ಟಿ ಹನ್ನೊಂದಕ್ಕೆ ಮುಟ್ಟಿತು. ಅಂದಿನಿಂದ ನನ್ನ ಜಾಗ ಬಾಗಿಲಾಚೆಯ ಮೆಟ್ಟಿಲು. ಚಹಾ, ಚಿವಡಾ ಅಲ್ಲಿಗೇ ಬರುತ್ತಿದ್ದವು. ಸ್ಕೋರನ್ನು ಮಾತ್ರ ಕೂಗಿ ಕೇಳಬೇಕು.

ಮೊದಮೊದಲು ಬೇಸರವಾಗಲಿಲ್ಲ, ನಿಜ ಹೇಳಬೇಕೆಂದರೆ ಉಬ್ಬಿದೆ. ನೋಡಿ, ಬಂದ ಚುನಾವಣೆಗೆಲ್ಲ ತಪ್ಪದೆ ಮತ ಹಾಕಿದವನು ನಾನು. ನಮ್ಮ ಮನೆ ಮುಂದಿನ ರಸ್ತೆಯನ್ನು ಒಬ್ಬರು ಟೆಲಿಫೋನಿಗೆ ಅಗೆದರು, ಇನ್ನೊಬ್ಬರು ನೀರಿಗೆ ಅಗೆದರು, ಮೂರನೆಯವರು ಹಿಂದಿನವರು ಏನು ಹೂತಿದ್ದಾರೆ ಅಂತ ನೋಡಲು ಅಗೆದರು. ನನ್ನ ಮತದಿಂದ ಒಂದು ಬುಟ್ಟಿ ಮಣ್ಣೂ ಆ ಗುಂಡಿಗೆ ಬೀಳಲಿಲ್ಲ. ಆದರೆ ನಾನು ಒಂದು ಹೊಸ್ತಿಲು ದಾಟಿದರೆ ಸಮುದ್ರದಾಚೆ ಯಾವುದೋ ಖಂಡದಲ್ಲಿ ಒಬ್ಬನ ಸ್ಟಂಪು ಹಾರುತ್ತದೆ! ಯಾವ ಮಂತ್ರಿಗೆ ಉಂಟು ಈ ಅಧಿಕಾರ? ಹಿಂದೆ ರಾಜರು ಶಕುನ ನೋಡದೆ ದಂಡೆತ್ತಿ ಹೋಗುತ್ತಿರಲಿಲ್ಲವಂತೆ. ಅವರ ಕಾಲದಲ್ಲಿ ಹುಟ್ಟಿದ್ದರೆ ನನ್ನನ್ನು ಶತ್ರುವಿನ ಕೋಟೆಗೆ ಗೌರವದಿಂದ ಕಳಿಸಿಕೊಡುತ್ತಿದ್ದರು.

ಆದರೆ ಒಂದು ದೊಡ್ಡ ಪಂದ್ಯಾವಳಿಯಲ್ಲಿ ನಮ್ಮವರು ಫೈನಲ್ ಮುಟ್ಟಿದರು. ಅದನ್ನು ಕಿವಿಯಿಂದ ನೋಡಲು ನಾನು ತಯಾರಿರಲಿಲ್ಲ. ಹೇಗಾದರೂ ಒಳಗೆ ಹೋಗಲೇಬೇಕು.

ಧಾರವಾಡದಲ್ಲಿ ಇತಿಹಾಸದ ಎಂ.ಎ. ಓದುವಾಗಿನಿಂದ ನಾನು ದಿನಚರಿ ಬರೆಯುತ್ತೇನೆ. ನನ್ನ ನೆನಪನ್ನು ನಾನು ನಂಬುವುದಿಲ್ಲ. ಹನ್ನೊಂದು ಸೋಲಿನ ಪುಟಗಳನ್ನು ತೆಗೆದು ನೋಡಿದರೆ, ಆರು ಸಲ ನಾನು ಕಟ್ಟಡದಲ್ಲೇ ಇರಲಿಲ್ಲ! ಒಂದು ದಿನ ಗ್ಯಾಸ್ ಆಫೀಸಿನ ಸಾಲಿನಲ್ಲಿದ್ದೆ. ಒಂದು ದಿನ ಯೆರವಡಾದಲ್ಲಿದ್ದೆ. ಜೈಲಿನಲ್ಲಲ್ಲ, ಹಲ್ಲಿನ ಡಾಕ್ಟರ ಹತ್ತಿರ. ಸೊಲ್ಲಾಪುರದ ಮದುವೆಗೆ ಹೋದ ದಿನದ್ದಂತೂ ಸೋಜಿಗ. ಅಂದಿನ ಕೊನೆಯ ರನೌಟನ್ನು ಕಾಕಾ ಅವರ ಹಾಲಿನಲ್ಲಿ ನಿಂತು ನೋಡಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಮಲ್ಲಪ್ಪಣ್ಣನೂ ಹೇಳಿದರು, "ನೀವ್ ಇದ್ರಿ ಸರ. ನೀಲಿ ಅಂಗಿ ಹಾಕ್ಕೊಂಡಿದ್ರಿ." ಹೌದು, ನೀಲಿ ಅಂಗಿ, ನನಗೂ ನೆನಪಿತ್ತು. ಆ ಅಂಗಿ ಹೊಲಿಸಿದ್ದೇ ಅದರ ಮುಂದಿನ ದೀಪಾವಳಿಗೆ ಅಂತ ನನ್ನ ಹೆಂಡತಿ ಸುಮಿತ್ರಾ ಹೇಳಿದಳು. ಜೊತೆಗೆ ಇನ್ನೊಂದು ಮಾತೂ ಸೇರಿಸಿದಳು: "ಹೋಗ್ರಿ, ನಿರ್ದೋಷಿ ಅನಿಸ್ಕೊಂಡು ಬರ್ರಿ. ಆಮ್ಯಾಲೆ ಈ ಬಿಲ್ಡಿಂಗಿನ್ಯಾಗ ನಿಮ್ಮನ್ನ ಯಾರು ಕೇಳ್ತಾರ?"

ಫೈನಲ್ ದಿನ ಬೆಳಿಗ್ಗೆ ವಿಚಾರಣೆ ನಡೆಯಿತು. ಕಾಕಾ ಕನ್ನಡಕ ಏರಿಸಿ, ನಾನು ಕನ್ನಡದ ಪುಟಗಳನ್ನು ಮರಾಠಿಯಲ್ಲಿ ಓದಿ ಹೇಳಿದಂತೆಲ್ಲ ತಮ್ಮ ಪಟ್ಟಿಯಲ್ಲಿ ಗೀಟು ಹಾಕುತ್ತ ಹೋದರು. ಕೊನೆಗೆ ಪೆನ್ನು ಮುಚ್ಚಿ, "ಪುರಾವಾ ಮ್ಹಣಜೆ ಪುರಾವಾ" ಅಂದರು. ಪುರಾವೆ ಅಂದರೆ ಪುರಾವೆ, ಅದರ ಮುಂದೆ ಮಾತಿಲ್ಲ.

ಮಲ್ಲಪ್ಪಣ್ಣ ಕೈಮುಗಿದರು. "ಕಾಕಾ, ಇವತ್ತೊಂದಿನ ಪ್ರಯೋಗ ಬ್ಯಾಡ್ರಿ. ನಾಳೆಯಿಂದ ನಿರ್ದೋಷಿ ಮಾಡ್ರಲ್ಲ."

ಕಾಕಾ ಬಗ್ಗಲಿಲ್ಲ. ನಾನು ಸೋಫಾದಲ್ಲಿ ಕೂತೆ. ಇಪ್ಪತ್ತು ಓವರು ನಮ್ಮವರ ಒಂದು ವಿಕೆಟ್ಟೂ ಬೀಳಲಿಲ್ಲ. ನನ್ನ ಕಡೆ ತಿರುಗಿದ್ದ ಕಣ್ಣುಗಳು ಒಂದೊಂದಾಗಿ ಟಿವಿಗೆ ಮರಳಿದವು. ಆಗ ಕಾಕಾ ಚಹಾ ತರಲು ಎದ್ದರು. ಟ್ರೇ ಹಿಡಿದು ಒಳಗೆ ಬಂದರು, ಒಂದು ವಿಕೆಟ್. ಖಾಲಿ ಕಪ್ಪು ಇಟ್ಟು ಮರಳಿ ಬಂದರು, ಇನ್ನೊಂದು.

ಮನೆ ಅವರದು, ಟಿವಿ ಅವರದು, ಇನ್ವರ್ಟರೂ ಅವರದೇ. ಯಾರು ಹೇಳಬೇಕು?

"ಕಾಕಾ, ದೋನ್ ವೇಳಾ" ಅಂದೆ ನಾನು. ಮೂರನೆಯದಕ್ಕೆ ಕಾಯುವಷ್ಟೂ ತಾಳ್ಮೆ ನನಗಿರಲಿಲ್ಲ.

ಕಾಕಾ ನನ್ನನ್ನೊಮ್ಮೆ ನೋಡಿದರು. "ಬರೋಬರ್, ಸರಿ," ಅಂದು ಬನಿಯನ್ನಿನಲ್ಲೇ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ಒಳಗೆ ಗದ್ದಲವಾದಾಗಲೆಲ್ಲ "ಕಾಯ್ ಝಾಲಂ? ಏನಾಯ್ತು?" ಅಂತ ಅಲ್ಲಿಂದ ಕೂಗುತ್ತಿದ್ದರು. ಟಿವಿ ಚೆನ್ನಾಗಿ ಕಾಣುವ ಕುರ್ಚಿ ಅವರದೇ ಆದ್ದರಿಂದ ನಾನು ಅದಕ್ಕೆ ಸರಿದೆ. ಕೊನೆಯ ಓವರುಗಳಲ್ಲಿ ಅವರು ಒಮ್ಮೆ ಇಣುಕಿದಾಗ ನಮ್ಮವನೊಬ್ಬ ಕ್ಯಾಚಾಗುವುದು ಕೂದಲೆಳೆಯಲ್ಲಿ ತಪ್ಪಿತು. ಮಲ್ಲಪ್ಪಣ್ಣ ಎದ್ದು ಚಿಲಕವನ್ನೇ ಹಾಕಿಬಿಟ್ಟರು.

ಗೆದ್ದೆವು! ಕುಣಿದೆವು, ಸೋಫಾದ ಮೇಲೆ ಹತ್ತಿದೆವು. ಮಲ್ಲಪ್ಪಣ್ಣ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದರು. ಆ ಗದ್ದಲದಲ್ಲಿ ಬಾಗಿಲು ಬಡಿಯುವ ಸದ್ದು ಯಾರಿಗೂ ಕೇಳಲಿಲ್ಲ.

ಅಂದಿನ ದಿನಚರಿಯಲ್ಲಿ ಬರೆದಿರುವುದು ಇಷ್ಟೇ: "ಗೆದ್ದೆವು. ಪೇಢೆ ಹಂಚಿದರು." ನೆನಪು ಮಾತ್ರ ಬೇರೆಯೇ ಹೇಳುತ್ತದೆ. ಬಾಗಿಲು ಬಡಿದದ್ದು ನನಗೆ ಮೊದಲ ಸಲಕ್ಕೇ ಕೇಳಿಸಿತ್ತು. ನಮ್ಮವರು ಕಪ್ಪು ಎತ್ತಿ ಹಿಡಿಯುವುದನ್ನೊಂದು ನೋಡಿಬಿಡೋಣ ಅಂತ ನಾನು ಟಿವಿ ಬಿಟ್ಟು ಕದಲಲಿಲ್ಲ. ದಿನಚರಿಯನ್ನು ನಂಬಿ ಆರು ಅಪರಾಧಗಳಿಂದ ಬಿಡುಗಡೆಯಾದವನು ನಾನು. ಈ ಏಳನೆಯದರಲ್ಲಿ ನೆನಪೇ ಸರಿ ಇದ್ದೀತು ಅಂತ ಕಾಣುತ್ತದೆ.