ಅವ್ವ ಪೂಜೆಗಿಟ್ಟ ಸಾಮಾನುಗಳು

ಚಿಮಟ ಹಗುರ, ಆದರೆ ಒಲೆಯಿಂದ ಆಗಷ್ಟೇ ತೆಗೆದದ್ದಾದರೆ ಕೆಟ್ಟದ್ದು. ಲಟ್ಟಣಿಗೆ ಸೀದಾ ಎಲುಬಿಗೇ ಹೋಗಿ ತಾಕುತ್ತದೆ. ಅಡಕತ್ತರಿಯನ್ನು ಎಸೆದರೆ ಗುರಿ ತಪ್ಪುವುದೇ ಹೆಚ್ಚು, ಹಾರುವಾಗ ಅದು ಬಾಯಿ ತೆರೆದುಕೊಳ್ಳುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಬಟ್ಟೆ ಅಳೆಯುವ ಕಬ್ಬಿಣದ ಗಜ. ಮಠದ ಅಯ್ಯನವರ ಹತ್ತಿರ ಅ ಆ ಕಲಿಯುವ ಮೊದಲೇ ನಾನು ಇಷ್ಟನ್ನೂ ಕಲಿತಿದ್ದೆ. ಈಗ ನನ್ನ ಮೊಮ್ಮಕ್ಕಳು ಅಡುಗೆಮನೆಗೆ ಹೊಸ ಸಾಮಾನು ತಂದಾಗಲೆಲ್ಲ ಅದರ ಗುಣಗಾನ ಮಾಡುತ್ತಾರೆ, ನೋಡಜ್ಜಿ ಎಷ್ಟು ಚೆಂದ ಎನ್ನುತ್ತಾರೆ. ನಾನು ಅದನ್ನು ಕೈಯಲ್ಲಿ ಹಿಡಿದು ಮೊದಲು ತೂಕ ನೋಡುತ್ತೇನೆ. ಈ ವಯಸ್ಸಿಗೂ ಆ ಚಾಳಿ ಬಿಟ್ಟಿಲ್ಲ.

ಇದು ನಿಜಾಮರ ಕಾಲದ ಭಾಲ್ಕಿಯ ಮಾತು. ಅಪ್ಪನದು ಪೇಟೆಯಲ್ಲಿ ಬಟ್ಟೆ ಅಂಗಡಿ. ಮನೆಯಲ್ಲಿ ನಾಲ್ಕೇ ಜನ: ಅಪ್ಪ, ಅವ್ವ, ನಾನು, ಮತ್ತೆ ಅಪ್ಪನ ತಾಯಿ. ಅವಳನ್ನು ನಾನು ಆಯಿ ಎನ್ನುತ್ತಿದ್ದೆ. ಅಪ್ಪ ದಿನಾ ಎದ್ದು ಸ್ನಾನ ಮಾಡಿ ಲಿಂಗಪೂಜೆ ಮುಗಿಸದೆ ಬಾಯಿಗೆ ನೀರು ಹಾಕುವವನಲ್ಲ. ಗಿರಾಕಿಗಳ ಮುಂದೆ ಬೆಣ್ಣೆಯಂತಹ ಮನುಷ್ಯ. ಭಾತಂಬ್ರಾದ ಒಕ್ಕಲಿಗರು ಬಂದು ಅರ್ಧ ದಿನ ಕೂತು ಹತ್ತು ಥಾನು ಬಟ್ಟೆ ಬಿಚ್ಚಿಸಿ ಏನೂ ಕೊಳ್ಳದೆ ಎದ್ದು ಹೋದರೂ ನಕ್ಕು ಕಳಿಸುತ್ತಿದ್ದ. ಆ ನಗುವಿನ ಖರ್ಚೆಲ್ಲ ಮನೆಯಲ್ಲಿ ವಸೂಲಾಗುತ್ತಿತ್ತು. ರೊಟ್ಟಿ ಆರಿತ್ತು, ನೀರು ತಣ್ಣಗಿತ್ತು, ಕರೆದಾಗ ಅವ್ವ ಓ ಅನ್ನಲಿಲ್ಲ, ಇಂಥದ್ದೇ ಕಾರಣಗಳು. ಕೈಗೆ ಏನು ಸಿಕ್ಕಿತೋ ಅದರಿಂದ ಅವ್ವನಿಗೆ ಹೊಡೆಯುತ್ತಿದ್ದ. ಬರಿಗೈಯಿಂದ ಹೊಡೆಯುವುದು ಮಾತ್ರ ಅವನಿಗೆ ಆಗುತ್ತಿರಲಿಲ್ಲ, ಕೈ ನೋಯುತ್ತದಂತೆ. ಹೊಡೆದಾದ ಮೇಲೆ ಹೊಟ್ಟೆ ತುಂಬ ಉಣ್ಣುತ್ತಿದ್ದ. ಆಗ ಒಲೆಯ ಮುಂದೆ ಕೂತ ಆಯಿ, ಏನೂ ಆಗಿಲ್ಲವೆಂಬಂತೆ ಇನ್ನೊಂದು ರೊಟ್ಟಿ ಬಡಿದು ಅವನ ತಾಟಿಗೆ ಹಾಕುತ್ತಿದ್ದಳು.

ಆದರೂ ಆ ಮನೆಯ ಹೆಂಗಸರಿಗೆ ತಮ್ಮ ತಮ್ಮ ಸಾಮಾನಿನ ಮೇಲೆ ಎಷ್ಟು ಜೀವ! ಆಯಿಗೆ ತನ್ನ ಊದುಗೊಳವೆ ಬೇಕು. ಮೊಳದುದ್ದದ ಕಬ್ಬಿಣದ ಕೊಳವೆ, ಬಾಯಿಗೆ ಹಿಡಿಯುವ ತುದಿ ಸವೆದು ನುಣ್ಣಗಾಗಿತ್ತು. ಹಸಿ ಕಟ್ಟಿಗೆಯನ್ನೂ ಎರಡು ಉಸಿರಿಗೆ ಹೊತ್ತಿಸುತ್ತೇನೆ ಎಂದು ಜಂಬ ಕೊಚ್ಚುತ್ತಿದ್ದಳು. ನಾನು ಮುಟ್ಟಿದರೆ ಸಿಡುಕುತ್ತಿದ್ದಳು. ಅವ್ವನಿಗೆ ಔರಾದಿನ ತವರಿನಿಂದ ತಂದ ಈಳಿಗೆ ಬೇಕು. ಮಣೆಯ ಮೇಲೆ ಮೊಣಕಾಲೂರಿ, ಎದುರಿಗೆ ಅಲಗು ನಿಲ್ಲಿಸಿಕೊಂಡು ಕೂತಳೆಂದರೆ ಆ ಹೊತ್ತಿಗೆ ಅವಳ ಹತ್ತಿರ ಯಾರೂ ಬರುತ್ತಿರಲಿಲ್ಲ. ಬದನೆಕಾಯಿ ಹೆಚ್ಚುವುದಕ್ಕೆ ಅವಳು ಬೇಕಾದ್ದಕ್ಕಿಂತ ದುಪ್ಪಟ್ಟು ಹೊತ್ತು ತೆಗೆದುಕೊಳ್ಳುತ್ತಿದ್ದುದು ಯಾಕೆಂದು ನನಗೆ ಬಹಳ ವರ್ಷ ಗೊತ್ತಾಗಲಿಲ್ಲ.

ಈಳಿಗೆಯನ್ನೂ ಹಿಂದೆ ಹಾಕಿದ್ದು ಹೊಲಿಗೆ ಮಷೀನು. ಔರಾದಿನಿಂದ ಅವ್ವನ ಅಪ್ಪ ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ, ಅದರ ಮೇಲಿಟ್ಟು ತಂದುಕೊಟ್ಟಿದ್ದ. ಕೈಯಿಂದ ತಿರುಗಿಸುವಂಥದ್ದು, ಕಪ್ಪು ಮೈ, ಅದರ ಮೇಲೆ ಬಂಗಾರದ ಬಳ್ಳಿ. ಅವ್ವ ನೋಡಿ ನೋಡಿಯೇ ಕುಬಸ ಹೊಲಿಯುವುದನ್ನು ಕಲಿತಳು. ಓಣಿಯ ಹೆಂಗಸರು ಖಣ ಹಿಡಿದು ಬರತೊಡಗಿದರು. ಬಂದವರು ಕೂರುತ್ತಿದ್ದರು, ಮಾತಾಡುತ್ತಿದ್ದರು. ಅದುವರೆಗೆ ಇಂಥವನ ಹೆಂಡತಿ, ಇಂಥವಳ ಸೊಸೆ ಆಗಿದ್ದವಳು ಈಗ ಮಷೀನಿನ ಅಕ್ಕ ಆದಳು. ಆ ಗಾಲಿ ತಿರುಗುವಾಗ ಅವ್ವ ಒಬ್ಬಳೇ ನಗುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕಿಂತ ಮೊದಲು ಅವಳಿಗೆ ಮುಂದಿನ ಎರಡು ಹಲ್ಲಿನ ನಡುವೆ ಸಂದು ಇದೆಯೆಂಬುದೇ ನನಗೆ ಗೊತ್ತಿರಲಿಲ್ಲ.

ಅಪ್ಪನಿಗೆ ಇದು ಸೇರಲಿಲ್ಲ. ಬೀದರಿನಲ್ಲಿದ್ದ ಅವನ ತಂಗಿ ಒಮ್ಮೆ ಬಂದಾಗ ಮಷೀನನ್ನು ಸವರಿ ಸವರಿ ನೋಡಿ, ನಮಗೂ ಒಂದಿದ್ದರೆ ಎಂದಿದ್ದಳು. ಅಪ್ಪನಿಗೆ ಅಷ್ಟು ಸಾಕಾಯಿತು.

"ಬಾಗಿಲದಾಗ ದಿನಾ ಸಂತಿ ನೆರಸ್ತಿ. ಅದನ್ನ ತಂಗಿ ಮನಿಗಿ ಕಳಸ್ತೇನಿ," ಎಂದ.

"ಅದು ನಮ್ಮಪ್ಪ ನನಗ ಕೊಟ್ಟಿದ್ದರಿ. ಕೊಡಂಗಿಲ್ಲ," ಎಂದಳು ಅವ್ವ.

ನನ್ನ ನೆನಪಿನಲ್ಲಿ ಅವ್ವ ಅಪ್ಪನಿಗೆ ಇಲ್ಲ ಎಂದದ್ದು ಅದೇ ಮೊದಲು. ಅಪ್ಪ ಲಟ್ಟಣಿಗೆ ತೆಗೆದುಕೊಂಡ. ತಲೆ ಕಾಯಲು ಅವ್ವ ಎಡಗೈ ಅಡ್ಡ ತಂದಳು, ಮಣಿಕಟ್ಟು ಮುರಿಯಿತು. ಹಸಿ ಕಟ್ಟಿಗೆ ಮುರಿದಂತಹ ಸದ್ದು ಬಂತು, ಅಷ್ಟೇ, ಅವ್ವ ಕೂಗಲಿಲ್ಲ. ಎಲುಬು ಕಟ್ಟುವವನು ಭಾತಂಬ್ರಾದಿಂದ ಬಂದು ಬಿದಿರಿನ ಸೀಳು ಇಟ್ಟು ಬಿಗಿದ. ಹೇಗಾಯ್ತವ್ವ ಎಂದು ಕೇಳಿದ. ಬಾವಿ ಕಟ್ಟೆಯ ಮೇಲೆ ಜಾರಿದಳು ಎಂದು ಆಯಿ ಹೇಳಿದಳು.

ಕೈ ಮುರಿದರೆ ಹೊಲಿಗೆ ನಿಲ್ಲುತ್ತದೆ ಎಂದು ಅಪ್ಪ ಎಣಿಸಿರಬೇಕು. ನಿಲ್ಲಲಿಲ್ಲ. ಅವ್ವ ಬಲಗೈಯಿಂದ ಬಟ್ಟೆ ನಡೆಸಿದಳು, ಗಾಲಿಯನ್ನು ನಾನು ತಿರುಗಿಸಿದೆ. ಮೊದಮೊದಲು ನನ್ನ ಅವಸರಕ್ಕೆ ದಾರ ತುಂಡಾಗುತ್ತಿತ್ತು, ಅವ್ವ ಬೈಯುತ್ತಿದ್ದಳು. ವಾರದೊಳಗೆ ಅವಳ ಉಸಿರು ನೋಡಿಕೊಂಡೇ ತಿರುಗಿಸುವಷ್ಟು ಪಳಗಿದೆ. ಅಪ್ಪ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದ. ನವಮಿಗೆ ತಂಗಿಯ ಗಂಡ ಬರುತ್ತಾನೆ, ಮಷೀನು ಒಯ್ಯುತ್ತಾನೆ, ಎಲ್ಲ ಬಂದೋಬಸ್ತ್ ಆಗಿದೆ ಎಂದು ಒಂದು ದಿನ ಹೇಳಿದ. ಅವ್ವ ಸೂಜಿಯಿಂದ ಕಣ್ಣೆತ್ತಲಿಲ್ಲ.

ಇಲ್ಲಿ ನಮ್ಮ ಮನೆಯ ಖಂಡೆ ಪೂಜೆಯ ವಿಷಯ ಹೇಳಬೇಕು. ನವಮಿಯ ದಿನ ಮನೆಯ ಹತಾರಗಳನ್ನೆಲ್ಲ ತೊಳೆದು ದೇವರ ಮುಂದೆ ಸಾಲಾಗಿಟ್ಟು, ವಿಭೂತಿ ಹಚ್ಚಿ, ಚೆಂಡು ಹೂ ಏರಿಸಿ ಪೂಜೆ ಮಾಡುವುದು. ಒಮ್ಮೆ ವಿಭೂತಿ ಬಿದ್ದರೆ ಮುಗಿಯಿತು, ಮರುದಿನ ಸಂಜೆ ಬನ್ನಿ ಮುಡಿದು ಬರುವವರೆಗೆ ಅವನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಮನೆತನಕ್ಕೆ ಕೇಡು ಎಂದು ಆಯಿ ನಂಬಿದ್ದಳು, ಅಪ್ಪ ಅವಳಿಗಿಂತ ಹೆಚ್ಚು ನಂಬಿದ್ದ. ಮೊದಲೆಲ್ಲ ಅಂಗಡಿಯ ಗಜ, ಕತ್ತರಿ, ಒಂದು ಕುಡಗೋಲು, ಇಷ್ಟನ್ನೇ ಇಡುತ್ತಿದ್ದರು. ಇದಕ್ಕೆ ಎರಡು ವರ್ಷದ ಹಿಂದೆ ಅವ್ವ ಸುಮ್ಮನೆ ಲಟ್ಟಣಿಗೆಯನ್ನೂ ತೊಳೆದು ಸಾಲಿಗೆ ಸೇರಿಸಿದ್ದಳು. ಆ ಮಧ್ಯಾಹ್ನ ಅಪ್ಪ ಏನಕ್ಕೋ ಕೆರಳಿ ಲಟ್ಟಣಿಗೆಯ ಜಾಗಕ್ಕೆ ಕೈ ಹಾಕಿದ. ಬರಿದಾಗಿತ್ತು. ದೇವರ ಕೋಣೆಯ ಕಡೆ ನೋಡಿದ, ಕೈ ಇಳಿಸಿದ, ರುಮಾಲು ಸುತ್ತಿಕೊಂಡು ಹೊರಗೆ ಹೋದ. ಅವ್ವ ಆ ಕೈಯನ್ನೇ ನೋಡುತ್ತಿದ್ದಳು. ಮರುವರ್ಷ ಚಿಮಟ, ಅಡಕತ್ತರಿ, ಈಳಿಗೆ, ಒನಕೆ ಎಲ್ಲ ದೇವರ ಮುಂದೆ ಬಂದವು. ಭಕ್ತಿ ಬಹಳ ಏರಿದೆ ನಿನ್ನ ಸೊಸೆಗೆ ಎಂದು ನೆರೆಯವರು ಆಯಿಗೆ ಹೇಳಿದರು. ಆ ಎರಡು ವರ್ಷವೂ ನವಮಿ ಮತ್ತು ದಶಮಿ ನಮ್ಮ ಮನೆಯಲ್ಲಿ ಹಬ್ಬದಂತೆಯೇ ಇದ್ದವು.

ಮೂರನೆಯ ವರ್ಷದ ಆ ನವಮಿಯಂದು ಅವ್ವ ಮನೆಯನ್ನೇ ಬಳಿದು ಖಾಲಿ ಮಾಡಿದಳು. ಅಪ್ಪನ ಚಪ್ಪಲಿ ಬಿಟ್ಟು ಮಿಕ್ಕದ್ದೆಲ್ಲ ದೇವರ ಮುಂದೆ. ಅಪ್ಪನ ಕೊಡೆಯೂ ಬಂತು. ಆಯಿ ಮಾತ್ರ ತನ್ನ ಊದುಗೊಳವೆ ಕೊಡಲಿಲ್ಲ. "ಅದನ್ನೂ ಇಟ್ರ ಒಲಿ ಹ್ಯಾಂಗ ಹಚ್ಚಲೇ? ಹೋಳಿಗಿ ಯಾರು ಮಾಡ್ತಾರ?" ಎಂದು ಜಗಳಕ್ಕೇ ನಿಂತಳು. ಎಲ್ಲದರ ನಡುವೆ ಅವ್ವ ಮಷೀನನ್ನು ಇಟ್ಟಳು. ಅದರ ಮೇಲೆ ತನ್ನ ಮದುವೆಯ ಸೀರೆ ಹೊದಿಸಿ, ಜೋಳದ ದಂಟು ನಿಲ್ಲಿಸಿ, ಚೆಂಡು ಹೂವಿನ ಸರ ಇಳಿಬಿಟ್ಟಳು. ಗದ್ದುಗೆಯೊಂದನ್ನು ಸಿಂಗರಿಸಿದಂತಿತ್ತು. ಅಪ್ಪ ಪೂಜೆಗೆ ಕೂತರೆ ಕಣ್ಣು ಅರ್ಧ ಮುಚ್ಚುವವ. ಗಜಕ್ಕೆ ಹಚ್ಚಿದ, ಕತ್ತರಿಗೆ ಹಚ್ಚಿದ, ಒಳಗೇನಿದೆಯೆಂದು ನೋಡದೆಯೇ ಸೀರೆಯ ಸಂದಿನಲ್ಲಿ ಕೈ ಹಾಕಿ ಮಷೀನಿಗೂ ಮೂರು ಬೆರಳಿನ ವಿಭೂತಿ ಹಚ್ಚಿದ. ಕಾಯಿ ಒಡೆದ. ನಾನು ಗಂಟೆ ಬಾರಿಸುತ್ತಿದ್ದೆ.

ಮಧ್ಯಾಹ್ನ ಬೀದರಿನಿಂದ ರೈಲಿನಲ್ಲಿ ಮಾವ ಬಂದ, ಅಪ್ಪನ ತಂಗಿಯ ಗಂಡ. ಸ್ಟೇಶನ್ನಿನಿಂದ ಗಾಡಿ ಮಾಡಿಕೊಂಡೇ ಬಂದಿದ್ದ, ಗಾಡಿ ಬಾಗಿಲಲ್ಲಿ ನಿಂತಿತು. ಅಪ್ಪ ಮಷೀನಿನ ಜಾಗಕ್ಕೆ ಹೋದ. ಅಲ್ಲಿ ನಾಲ್ಕು ಚೂರು ಬಟ್ಟೆ ಬಿದ್ದಿದ್ದವು. ಅವನ ಕಣ್ಣು ಮೆಲ್ಲಗೆ ದೇವರ ಕೋಣೆಗೆ ಹೋಯಿತು, ತಾನೇ ವಿಭೂತಿ ಹಚ್ಚಿದ್ದ, ಸೀರೆ ಹೊದ್ದ ಮಷೀನಿನ ಮೇಲೆ ನಿಂತಿತು.

ಮಾವ ಬಾಗಿಲಿನಿಂದಲೇ ಇಣುಕಿ ನೋಡಿ ಕೈ ಮುಗಿದ. "ಪೂಜಿಗಿ ಕುಂತದ್ದು ಇವತ್ತ ಎತ್ತಲಿಕ್ಕ ಬರಂಗಿಲ್ರಿ. ನಾಳಿ ಬನ್ನಿ ಮುಡದ ಮ್ಯಾಲೆ ಒಯ್ತೇನಿ, ಏನೀಗ?" ಎಂದ.

"ನಾಳಿನೂ ಕೊಡಂಗಿಲ್ಲರಿ," ಎಂದಳು ಅವ್ವ, ಮಾವನಿಗೆ, ಅಪ್ಪನ ಎದುರಿಗೇ.

ಹೊರಗಿನವನ ಮುಂದೆ ಆದ ಬೇಇಜ್ಜತಿ ಅದು. ಅಪ್ಪ ಗೋಡೆಗೆ ಕೈ ಹಾಕಿದ, ಮೊಳೆ ಬರಿದಾಗಿತ್ತು. ಗೋಡೆಯ ಗೂಡಿಗೆ ಕೈ ಹಾಕಿದ, ಅದೂ ಬರಿದು. ಕೊನೆಗೆ ಅವ್ವನ ಜಡೆ ಹಿಡಿದು ಎಳೆದು ತಲೆಯನ್ನು ಬಾಗಿಲ ಚೌಕಟ್ಟಿಗೆ ಬಡಿದ. ಒಮ್ಮೆ, ಮತ್ತೊಮ್ಮೆ. ಹಣೆ ಒಡೆದು ರಕ್ತ ಕಣ್ಣಿಗಿಳಿಯಿತು. ನಾನು ಅವನ ಕಾಲಿಗೆ ಬಿದ್ದು ತೊಡೆ ಕಚ್ಚಿದೆ, ಒದ್ದ, ಹೋಗಿ ಬೀಸುಕಲ್ಲಿನ ಮೇಲೆ ಬಿದ್ದೆ. ಮಾವ ಅಯ್ಯೋ ಬಿಡ್ರಿ, ಬಿಡ್ರಿ ಎನ್ನುತ್ತಿದ್ದ, ಅಂಗಳ ಬಿಟ್ಟು ಒಳಗೆ ಕಾಲಿಡಲಿಲ್ಲ. ಅವ್ವ ಒಂದೇ ಮಾತು ಹೇಳುತ್ತಿದ್ದಳು. "ಕೊಡಂಗಿಲ್ಲ. ಕೊಡಂಗಿಲ್ಲ."

ಆಗ ಅಪ್ಪ ಯಾರೂ ಎಣಿಸದ್ದನ್ನು ಮಾಡಿದ. ದೇವರ ಕೋಣೆಗೆ ನುಗ್ಗಿ, ತಾನೇ ಹೂ ಏರಿಸಿದ್ದ ಗಜವನ್ನು ಎಳೆದುಕೊಂಡ. ಹೂ ಚೆಲ್ಲಿತು, ಹಣತೆ ಉರುಳಿತು. "ನನ್ನ ಮಾತು ನಡೀಲಿಲ್ಲಂದ್ರ ಇದು ಯಾರಿಗೂ ಬ್ಯಾಡ!" ಎಂದು ಮಷೀನಿನ ಮೇಲೆ ಎತ್ತಿದ. ಅವ್ವ ಓಡಿ ಬಂದು ಮಷೀನಿನ ಮೇಲೆ ಅಡ್ಡ ಬಿದ್ದಳು. ಗಜ ಅವಳ ಬೆನ್ನಿನ ಮೇಲೆ ಬಿತ್ತು.

ಎರಡನೆಯದು ಬೀಳುವಷ್ಟರಲ್ಲಿ ಒಲೆಯ ಮುಂದಿನಿಂದ ಆಯಿ ಎದ್ದಳು. ಆ ಮುದುಕಿ ಅಷ್ಟು ಬೇಗ ಎದ್ದದ್ದನ್ನು ನಾನು ಎಂದೂ ಕಂಡಿರಲಿಲ್ಲ. "ಪೂಜಿ ಕೆಡಿಸ್ತೀ? ಹಚ್ಚಿದ ವಿಭೂತಿ ಆರಿಲ್ಲ, ಮುಟ್ತೀ?" ಎಂದವಳೇ ಕೈಯಲ್ಲಿದ್ದ ಊದುಗೊಳವೆಯಿಂದ ಮಗನ ಮುಂಗೈಗೆ ಬಾರಿಸಿದಳು. ಗಜ ಬಿತ್ತು. ಎರಡನೆಯ ಏಟು ಭುಜಕ್ಕೆ. ಮೂರನೆಯದು ಕಿವಿಗೆ, ರಕ್ತ ಚಿಮ್ಮಿತು. "ಹೊಡಿ ಆಯಿ! ಇನ್ನಾ ಹೊಡಿ!" ಎಂದು ನಾನು ಕೂಗುತ್ತಿದ್ದೆ. ನನಗೆ ಸಂತೋಷವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ, ಹಬ್ಬದ ಹೋಳಿಗೆಗೂ ಅಷ್ಟು ಸಂತೋಷವಾಗಿರಲಿಲ್ಲ. ಆರನೆಯ ಏಟಿಗೆ ಅಪ್ಪ ಗೋಡೆಗೆ ಆತು ಕುಸಿದು, ಎರಡೂ ಕೈ ತಲೆಯ ಮೇಲಿಟ್ಟುಕೊಂಡು, "ಬ್ಯಾಡ ಯವ್ವಾ, ಬ್ಯಾಡ," ಎಂದು ಅತ್ತ. ದೊಡ್ಡ ಗಂಡಸು, ಚಿಕ್ಕ ಹುಡುಗನಂತೆ ಅತ್ತ. ಮಾವ ಬಂದ ಗಾಡಿಯಲ್ಲೇ ಬೀದರಿನ ರೈಲಿಗೆ ಹೋದ.

ಮರುದಿನ ಸಂಜೆ ಅಪ್ಪ ಕಿವಿಯ ಮೇಲೆ ರುಮಾಲು ಸುತ್ತಿಕೊಂಡು ಬನ್ನಿ ಮುಡಿಯಲು ಹೋಗಿಬಂದ. ಮಷೀನಿನ ಸುದ್ದಿಯನ್ನು ಮತ್ತೆ ಎತ್ತಲೂ ಇಲ್ಲ, ಅವ್ವನ ಮೇಲೆ ಕೈ ಮಾಡಲೂ ಇಲ್ಲ. ಅಂದೂ ಇಲ್ಲ, ಮುಂದೆ ಬದುಕಿದ್ದಷ್ಟು ವರ್ಷವೂ ಇಲ್ಲ. ಆ ಕಿವಿ ಮಾತ್ರ ಕೊನೆಯವರೆಗೂ ಕೇಳಲಿಲ್ಲ. ಅವ್ವ ಹಣೆಗೆ ಬಟ್ಟೆ ಕಟ್ಟಿಕೊಂಡು ಮಷೀನನ್ನು ಎತ್ತಿ ಅದರ ಜಾಗಕ್ಕೆ ತಂದಿಟ್ಟಳು, ದಾರ ಪೋಣಿಸಿದಳು. ಆಗ ಆಯಿ ಒಂದು ಹೊಸ ಖಣ ಹಿಡಿದು ಬಂದು ಎದುರಿಗೆ ಕೂತಳು. ಅವಳ ಮುಖ ಅರಳಿತ್ತು, ತನ್ನಿಂದ ಈ ಮನೆ ಉಳಿಯಿತು ಎನ್ನುವ ಹಮ್ಮು ಅದರಲ್ಲಿತ್ತು.

"ನನಗೊಂದು ಕುಬಸ ಹೊಲಿಯವ್ವಾ," ಎಂದಳು.

ಅವ್ವ ಖಣ ತೆಗೆದುಕೊಂಡಳು. ಬಿಚ್ಚಿ ನೋಡಿದಳು. ಆಮೇಲೆ, ವಾರೆಯಾಗಿ ಕೂಡಿಕೊಂಡಿದ್ದ ಎಡ ಮಣಿಕಟ್ಟನ್ನು ಆಯಿಯ ಮುಂದೆ ಚಾಚಿದಳು.

"ಅತ್ತಿ, ಇದು ಮುರದ ದಿನ ನೀವು ಎಲ್ಲಿದ್ರಿ?"

"ಎಲ್ಲಿ ಇರ್ತೇನಿ? ಒಲಿ ಮುಂದ ಇದ್ದೆ."

"ಕೈಯಾಗ ಏನಿತ್ರಿ?"

ಆಯಿಯ ಕಣ್ಣು ಒಲೆಯ ಪಕ್ಕದ ಊದುಗೊಳವೆಗೆ ಹೋಯಿತು. ಅವಳ ಮುಖ ಇಳಿಯುವುದನ್ನು ನಾನು ನೋಡುತ್ತಿದ್ದೆ. ಆರು ಏಟು. ಅಷ್ಟಕ್ಕೆ ಎಲ್ಲ ನಿಂತಿತ್ತು, ಯಾವ ವರ್ಷ ಬೇಕಾದರೂ ನಿಲ್ಲುತ್ತಿತ್ತು. ಅದು ಗೊತ್ತಾದ ಗಳಿಗೆ ನನಗೆ ಅಪ್ಪನಿಗಿಂತ ಆಯಿಯ ಮೇಲೆ ಹೆಚ್ಚು ಸಿಟ್ಟು ಬಂತು, ಇವತ್ತಿಗೂ ಆ ಸಿಟ್ಟು ಹೋಗಿಲ್ಲ.

ಅವ್ವ ಖಣವನ್ನು ಅದೇ ಮಡಿಕೆಗೆ ಮಡಿಚಿ ಆಯಿಯ ಉಡಿಯಲ್ಲಿಟ್ಟಳು. ಆಮೇಲೆ ಊರವರಿಗೆಲ್ಲ ಹೊಲಿದಳು. ಆಯಿಗೆ ಕೊನೆಯವರೆಗೂ ಹೊಲಿಯಲಿಲ್ಲ.