ಕೈಯಲ್ಲಿ ಏನೂ ಇರಲಿಲ್ಲ

ಶನಿವಾರ ಸಂಜೆ ಐದು ಗಂಟೆ ನಲವತ್ತು ನಿಮಿಷಕ್ಕೆ, ಅಮೆರಿಕದ ಜರ್ಮನ್‌ಟೌನಿನ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಲಾಟಿನಲ್ಲಿ, ನೆಲದ ಮೇಲೆ ಬಿದ್ದಿದ್ದ ಸ್ಟೀರಿಂಗ್ ಲಾಕನ್ನು ಎತ್ತಿ ಕಾರಿನ ಸೀಟಿನ ಕೆಳಗೆ ಇಟ್ಟವಳು ನಾನು. ಆರು ತಿಂಗಳ ನಂತರ, ಅದು ಯಾರ ಕೈಯಲ್ಲೂ ಇರಲಿಲ್ಲ ಎಂದು ಕೋರ್ಟಿನಲ್ಲಿ ಹೇಳಿದವಳೂ ನಾನೇ. ರೇಮಂಡ್, ನಿಮ್ಮನ್ನು ಜೈಲಿಗೆ ಕಳಿಸಿದ್ದು ಆ ಮಾತು.

ಸಮಯ ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಆರು ಗಂಟೆಗೆ ಆರತಿ ಎಂದು ಎಲ್ಲರಿಗೂ ಹೇಳಿದ್ದೆ. ಮತ್ತೆ ಮತ್ತೆ ವಾಚು ನೋಡಿಕೊಳ್ಳುತ್ತಿದ್ದೆ.

ತೊಂಬತ್ತರ ದಶಕದ ಒಂದು ಶ್ರಾವಣ. ವರಮಹಾಲಕ್ಷ್ಮಿ ಹಬ್ಬ ಹಿಂದಿನ ದಿನವೇ ಆಗಿತ್ತು, ಆದರೆ ಇಲ್ಲಿ ಶುಕ್ರವಾರ ಯಾರಿಗೆ ರಜೆ ಇರುತ್ತದೆ, ಅರಿಶಿನ ಕುಂಕುಮಕ್ಕೆ ಶನಿವಾರ ಕರೆದಿದ್ದೆ. ಹನ್ನೆರಡು ಮನೆಯವರು. ವಿಸಿಟರ್ ಪಾರ್ಕಿಂಗ್ ನಾಲ್ಕೇ ನಾಲ್ಕು. "ಆಂಟಿ, ಪಕ್ಕದ್ಮನೆಯವ್ರ ನಂಬರ್ ಬರ್ದಿರೋ ಜಾಗದಲ್ಲೇ ಪಾರ್ಕ್ ಮಾಡ್ಬಿಡಿ. ಅವ್ರು ವೆಕೇಶನ್ ಹೋಗಿದಾರೆ, ಯಾರೂ ಕೇಳಲ್ಲ" ಎಂದು ಫೋನಿನಲ್ಲಿ ಹೇಳಿದ್ದೆ. ಅಂದರೆ ಮೊದಲ ತಪ್ಪೂ ನನ್ನದೇ.

ಆಂಟಿ ಎಂದರೆ ಮೂರ್ತಿ ಅಂಕಲ್ ಹೆಂಡತಿ. ನನ್ನ ಗಂಡ ಕೆಲಸ ಮಾಡುತ್ತಿದ್ದ ಸಣ್ಣ ಸಾಫ್ಟ್‌ವೇರ್ ಕಂಪನಿ ಅಂಕಲ್ ಅವರದು. ನಮ್ಮ ವೀಸಾ ಅವರ ಕಂಪನಿಯದು. ಗ್ರೀನ್ ಕಾರ್ಡ್ ಅರ್ಜಿಗೆ ಸಹಿ ಹಾಕಬೇಕಾದವರೂ ಅವರೇ. ಒಳ್ಳೆಯವರು. ನಾವು ಬಂದ ಮೊದಲ ವಾರ ಹಾಸಿಗೆ, ಕುಕ್ಕರ್, ಸಾರಿನ ಪುಡಿ ತಂದುಕೊಟ್ಟವರು. ಅವರು ಕೆಟ್ಟವರಾಗಿದ್ದರೆ ಇದನ್ನು ಬರೆಯುವುದು ಸುಲಭವಾಗುತ್ತಿತ್ತೋ ಏನೋ—

ವೀಳ್ಯದೆಲೆಯ ಚೀಲ ಅವರ ಕಾರಿನಲ್ಲೇ ಉಳಿದಿತ್ತು. ತರಲು ಅಂಕಲ್ ಹೊರಟರು, ನಾನೂ ಜೊತೆಗೆ ಇಳಿದೆ. ಕೆಳಗೆ, ತಪ್ಪು ಜಾಗದಲ್ಲಿ ನಿಂತ ಕಾರುಗಳನ್ನು ಎಳೆದೊಯ್ಯುವ ನಿಮ್ಮ ಟೋ ಟ್ರಕ್ ನಿಂತಿತ್ತು. ಅವರ ಕಾರಿನ ಮುಂದಿನ ಚಕ್ರಗಳು ಆಗಲೇ ನೆಲ ಬಿಟ್ಟಿದ್ದವು. ನೀವು ಬಗ್ಗಿ ಸರಪಳಿ ಬಿಗಿಯುತ್ತಿದ್ದಿರಿ.

ಅಂಕಲ್ ಕೂಗಾಡಿದರು. ಕೊಂಡಿ ಹಾಕಿ ಆಗಿದೆ ಸರ್, ಬಿಡುವುದು ನನ್ನ ಕೈಯಲ್ಲಿಲ್ಲ, ಆಫೀಸಿಗೆ ಫೋನ್ ಮಾಡಿ ಎಂದಿರಿ. 'ಸರ್' ಎಂದಿರಿ, ಎರಡು ಸಲ. ನಾನು ಕೇಳಿಸಿಕೊಂಡಿದ್ದೇನೆ.

"ಹಬ್ಬದ ದಿನ ನನ್ ಕಾರ್ ಎಳ್ಕೊಂಡ್ ಹೋಗ್ತಾನಂತೆ! ಯಾರು ಅನ್ಕೊಂಡಿದಾನೆ ಇವ್ನು?"

"ಬಿಡಿ ಅಂಕಲ್, ಪ್ಲೀಸ್. ಮೇಲೆ ಎಲ್ರೂ ಕಾಯ್ತಿದಾರೆ."

"ನೀನ್ ಸುಮ್ನಿರಮ್ಮ."

ಅವರು ಕಾರಿನ ಬಾಗಿಲು ತೆರೆದು ಸ್ಟೀರಿಂಗ್ ಲಾಕ್ ಎಳೆದುಕೊಂಡರು. ಆಗೆಲ್ಲ ಪ್ರತಿ ಕಾರಿನಲ್ಲೂ ಇರುತ್ತಿತ್ತು— ಕಳ್ಳರು ಓಡಿಸಿಕೊಂಡು ಹೋಗದಂತೆ ಸ್ಟೀರಿಂಗಿಗೆ ಅಡ್ಡ ಸಿಕ್ಕಿಸುವ, ಮೊಳಕ್ಕಿಂತ ಉದ್ದದ ಕೆಂಪು ಉಕ್ಕಿನ ಸಲಾಕೆ. ನಾನು ನಡುವೆ ಹೋಗಿ ನಿಂತೆ. ರೇಷ್ಮೆ ಸೀರೆ ಉಟ್ಟು, ಎರಡೂ ಕೈ ಅಗಲಿಸಿ, ಮಕ್ಕಳ ಜಗಳ ಬಿಡಿಸುವವಳಂತೆ. ಅಂಕಲ್ ಸಲಾಕೆ ಬೀಸಿದರು. ನನ್ನ ಎಡಗಿವಿಯ ಪಕ್ಕ ಗಾಳಿ ಸುಯ್ಯೆಂದಿತು. ಅದು ಎರಡನೆಯ ಸಲ ಮೇಲೆದ್ದಾಗ ನೀವು ನನ್ನನ್ನು ಪಕ್ಕಕ್ಕೆ ಸರಿಸಿ, ಅವರನ್ನು ನೂಕಿದಿರಿ. ಒಂದೇ ಸಲ. ಅವರು ಹಿಮ್ಮುಖವಾಗಿ ಬಿದ್ದರು. ತಲೆ ಸಿಮೆಂಟಿನ ಅಂಚಿಗೆ ಬಡಿಯಿತು.

ನೀವು ನೂಕಿದ್ದು ನನ್ನನ್ನು ಉಳಿಸಲೋ, ನಿಮ್ಮನ್ನು ಉಳಿಸಿಕೊಳ್ಳಲೋ— ಗೊತ್ತಿಲ್ಲ. ಆ ಸುಯ್ಯೆನ್ನುವ ಸದ್ದು ಮಾತ್ರ ಇಂದಿಗೂ ಎಡಗಿವಿಯಲ್ಲಿದೆ. ಯಾರಾದರೂ ಆ ಪಕ್ಕದಲ್ಲಿ ಕೈ ಎತ್ತಿದರೆ, ಬರಿಯ ತಲೆಗೂದಲು ಸರಿಪಡಿಸಿಕೊಳ್ಳಲು ಎತ್ತಿದರೂ, ನಾನು ಬಗ್ಗುತ್ತೇನೆ.

ನೀವು ಓಡಿ ಹೋದಿರಿ, ನಿಮ್ಮ ಟ್ರಕ್ಕಿನ ರೇಡಿಯೊ ಹತ್ತಿರ. ಆಂಬುಲೆನ್ಸ್ ಕಳಿಸಿ, ವಯಸ್ಸಾದವರು ಬಿದ್ದಿದ್ದಾರೆ, ರಕ್ತ ಬರುತ್ತಿದೆ ಎಂದು ಕೂಗಿ ಹೇಳುತ್ತಿದ್ದಿರಿ. ನಿಮ್ಮ ಬೆನ್ನು ನಮ್ಮ ಕಡೆಗಿತ್ತು. ಆಗ ನಾನು ಸಲಾಕೆ ಎತ್ತಿದೆ.

ಅದರಲ್ಲಿ ಸುಳ್ಳಿನ ಯೋಚನೆ ಇರಲಿಲ್ಲ, ಬಿದ್ದದ್ದನ್ನು ಎತ್ತಿಡುವುದು ಹೆಂಗಸರಿಗೆ ಅಭ್ಯಾಸ, ಕೈ ತಾನಾಗಿ ಮಾಡಿದ ಕೆಲಸ ಎಂದು ವರ್ಷಗಟ್ಟಲೆ ಹೇಳಿಕೊಂಡೆ. ಆದರೆ ಅಭ್ಯಾಸದಿಂದ ಎತ್ತಿಡುವವಳು ಸುತ್ತ ನೋಡುವುದಿಲ್ಲ. ನಾನು ಸುತ್ತ ನೋಡಿದ್ದೆ.

ಪೊಲೀಸರು ಬಂದರು. ಬಿದ್ದವರ ಕೈಯಲ್ಲಿ ಸ್ಟೀರಿಂಗ್ ಲಾಕ್ ಇತ್ತು ಎಂದು ನೀವು ಹೇಳಿದಿರಿ. ಅಧಿಕಾರಿ ಕಾರಿನೊಳಗೆ ಬಗ್ಗಿ ನೋಡಿದ. ಅದು ಎಲ್ಲಿರಬೇಕೋ ಅಲ್ಲಿಯೇ ಇತ್ತು. ಅವನು ನನ್ನ ಕಡೆ ತಿರುಗಿದ. ನೀವು ಎತ್ತರದ ಕಪ್ಪು ಮನುಷ್ಯ, ನಾನು ರೇಷ್ಮೆ ಸೀರೆ ಉಟ್ಟು ಕುಂಕುಮ ಇಟ್ಟುಕೊಂಡಿದ್ದ ಹೆಂಗಸು. ಯಾರ ಮಾತು ನಡೆಯುತ್ತದೆ ಎಂದು ನನಗೆ ಆಗಲೇ ಗೊತ್ತಿತ್ತು. ಇದನ್ನು ಬರೆಯದೆ ಬಿಟ್ಟರೆ ಅದೂ ಒಂದು ಸುಳ್ಳಾಗುತ್ತದೆ. ನಾನು ಬರೀ ಅತ್ತುಬಿಟ್ಟೆ. ಅಷ್ಟು ಸಾಕಾಯಿತು. ನಿಮ್ಮ ಕೈಗೆ ಕೋಳ ಬಿತ್ತು.

ಅಂಕಲ್ ತಲೆಗೆ ಹದಿನಾಲ್ಕು ಹೊಲಿಗೆ. "ಕಾರ್ ಹತ್ರ ಹೋಗಿದ್ದಷ್ಟೇ ನೆನಪು ಕಣಮ್ಮಾ, ಆಮೇಲೆ ಏನೂ ಇಲ್ಲ" ಎಂದರು. ನಿಜವಿರಬಹುದು. ಅವರು ನನ್ನನ್ನು ಎಂದೂ ಏನೂ ಕೇಳಲಿಲ್ಲ. ಆಂಟಿ ಬಿಸಿಬೇಳೆಬಾತ್ ತಂದು ನನ್ನ ಕೈ ಹಿಡಿದುಕೊಂಡು, "ನೀನು ಇದ್ದಿದ್ದು ಪುಣ್ಯ ಕಣೇ" ಎಂದು ಅತ್ತರು. ಯಾರೂ ನನ್ನನ್ನು ಹೆದರಿಸಲಿಲ್ಲ. ಗಂಡನಿಗೆ ಒಬ್ಬರಿಗೇ ನಿಜ ಹೇಳಿದೆ. ಅವರು, "ಕೇಳಿದ್ದಕ್ಕೆ ಮಾತ್ರ ಆನ್ಸರ್ ಮಾಡು. ಜಾಸ್ತಿ ಏನೂ ಹೇಳ್ಬೇಡ" ಎಂದರು. ನಮ್ಮ ಗ್ರೀನ್ ಕಾರ್ಡ್ ಫೈಲು ಅಂಕಲ್ ಮೇಜಿನ ಮೇಲಿತ್ತು. ಅದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಕೋರ್ಟಿನ ದಿನ ಫೆಬ್ರವರಿಯ ಚಳಿ. ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದಾಗ ನನಗೆ ಕೆಮ್ಮು ಬಂತು. ಪಕ್ಕದಲ್ಲಿದ್ದ ನೀಲಿ ಟೋಪಿಯ ಮುದುಕಿ ಪರ್ಸಿನಿಂದ ಒಂದು ಪೆಪ್ಪರ್‌ಮಿಂಟ್ ತೆಗೆದು ಕೊಟ್ಟರು. ನಾನು ಬಾಯಿಗೆ ಹಾಕಿಕೊಂಡೆ. ಒಳಗೆ ಹೋದಮೇಲೆ ಗೊತ್ತಾಯಿತು— ಅವರು ನಿಮ್ಮ ತಾಯಿ. ಸಾಕ್ಷಿ ಹೇಳುವಾಗ ಆ ಸಿಹಿ ಇನ್ನೂ ನಾಲಿಗೆಯ ಮೇಲಿತ್ತು.

ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿದರು. ಮುಂದೆ ಯಾವ ದೇವರ ಪುಸ್ತಕವೂ ಇರಲಿಲ್ಲ. ಬರೀ ಗಾಳಿಯಲ್ಲಿ ಎತ್ತಿದ ಕೈ, ಇದು ಲೆಕ್ಕಕ್ಕಿಲ್ಲ ಎಂದು ಒಳಗೊಳಗೇ ಅಂದುಕೊಂಡೆ. ಮೈಸೂರಿನಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿದವಳು, ಕಂಡದ್ದನ್ನು ಕಂಡಂತೆ ಬರೆದಿಡಬೇಕೆಂದು ಕಲಿತವಳು, ಹಾಗೆ ಅಂದುಕೊಂಡೆ.

ನಿಮಗೆ ಕೋರ್ಟೇ ಕೊಟ್ಟಿದ್ದ ವಕೀಲೆ, ಸಣ್ಣ ದನಿಯ ಹೆಂಗಸು, ಒಂದೇ ಮುಖ್ಯ ಪ್ರಶ್ನೆ ಕೇಳಿದರು. ಆತ್ಮರಕ್ಷಣೆಗೆ ನೂಕಿದ್ದು ಎಂಬ ನಿಮ್ಮ ಇಡೀ ವಾದ ನಿಂತಿದ್ದೇ ಅದರ ಮೇಲೆ. ಅವರ ಕೈಯಲ್ಲಿ ಏನಾದರೂ ಇತ್ತೇ?

"ನೋ, ಮ್ಯಾಮ್. ಅವರ ಕೈಯಲ್ಲಿ ಏನೂ ಇರಲಿಲ್ಲ."

ಬೇರೆ ಯಾರದೋ ಮನೆಯ ಅಡ್ರೆಸ್ ಹೇಳಿದಷ್ಟೇ ಸಲೀಸಾಗಿ ಮಾತು ಬಂತು.

ನೀವು ತಪ್ಪಿತಸ್ಥರೆಂದು ಅಂದೇ ತೀರ್ಪು ಬಂತು. ಶಿಕ್ಷೆಗೆ ಮೊದಲು ನಿಮಗೆ ಮಾತಾಡಲು ಅವಕಾಶ ಕೊಟ್ಟರು. ನೀವು ಜಡ್ಜ್ ಕಡೆ ನೋಡದೆ ನನ್ನ ಕಡೆ ನೋಡಿ ಒಂದೇ ವಾಕ್ಯ ಹೇಳಿದಿರಿ: "ಆ ಹೆಂಗಸಿಗೆ ಗೊತ್ತು." ಎಂಟು ತಿಂಗಳು ಹಾಕಿದರು. ಕೋಳ ಹಾಕಿ ಕರೆದೊಯ್ಯುವಾಗ ನಿಮ್ಮ ತಾಯಿ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

ಎರಡು ವರ್ಷಕ್ಕೆ ನಮ್ಮ ಗ್ರೀನ್ ಕಾರ್ಡ್ ಬಂತು. ಬೇರೆ ರಾಜ್ಯದ ರಾಲಿ ಎಂಬ ಊರಿಗೆ ಮನೆ ಬದಲಾಯಿಸಿದೆವು. ಅಂಕಲ್ ಈಗಿಲ್ಲ. ಅವರು ಹೋಗುವವರೆಗೂ ಕಾದೆ— ಅದನ್ನೂ ಬರೆದುಬಿಡುತ್ತೇನೆ. ನಡೆದದ್ದೆಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದು, ನೋಟರಿಯ ಮುಂದೆ ಸಹಿ ಮಾಡಿ, ಹೆಸರು ವಿಳಾಸ ಸಮೇತ ಆ ವಕೀಲೆಯ ಆಫೀಸಿಗೆ ಕಳಿಸಿದ್ದೇನೆ. ಸುಳ್ಳು ಸಾಕ್ಷಿಗೆ ಏನು ಆಗಬೇಕೋ ಆಗಲಿ. ಕನ್ನಡದಲ್ಲಿ ಬರೆಯುತ್ತಿರುವುದು, ಅಂದು ನನ್ನನ್ನು ಧೈರ್ಯವಂತೆ ಎಂದು ಹೊಗಳಿ ಉಡಿ ತುಂಬಿದ ನಮ್ಮವರು ಓದಲೆಂದು.

ಆ ಕಾಗದದಲ್ಲಿ ಒಂದು ಸಂಗತಿ ಬರೆದಿಲ್ಲ. ವಕೀಲರಿಗೆ ಅದರಿಂದ ಉಪಯೋಗವಿಲ್ಲ.

ಆ ಶನಿವಾರದಿಂದ ಆರು ತಿಂಗಳು ನಾನು ಒಂದು ರಾತ್ರಿಯೂ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಕಣ್ಣು ಹತ್ತಿದರೆ ಸಾಕು, ಕಿವಿಯಲ್ಲಿ ಸುಯ್ ಎನ್ನುತ್ತಿತ್ತು. ನಿಮ್ಮನ್ನು ಕರೆದೊಯ್ದ ದಿನ ಮನೆಗೆ ಬಂದೆ. ಅನ್ನ, ಸಾರು ಉಂಡೆ. ಪಾತ್ರೆ ತೊಳೆದೆ. ಮಲಗಿದೆ.

ಮಧ್ಯೆ ಒಂದು ಸಲವೂ ಎಚ್ಚರವಾಗಲಿಲ್ಲ. ಎದ್ದಾಗ ಬೆಳಿಗ್ಗೆ ಎಂಟೂವರೆ.